ಇದ್ದಲ್ಲೇ ನಿಂತ ಅಲೆ

ಅಣೆಕಟ್ಟು ಒಡೆದರೆ ನೀರು ಕೆಳಗಿನ ಊರಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಎತ್ತರಕ್ಕೆ ಬರುತ್ತದೆ? ನನ್ನ ಪಿಎಚ್‌ಡಿ ಶುರುವಾಗಿದ್ದು ಈ ಪ್ರಶ್ನೆಯಿಂದ. ಬೇಕಾದ ಸಮೀಕರಣಗಳನ್ನು ಫ್ರಾನ್ಸಿನ ಸೇಂಟ್ ವೆನಾಂಟ್ 1871ರಲ್ಲೇ ಬರೆದಿಟ್ಟಿದ್ದರು. ಎರಡೇ ಆಂಶಿಕ ಅವಕಲ ಸಮೀಕರಣ, ಅಂದರೆ ನೀರಿನ ಆಳ ಮತ್ತು ವೇಗ ಜಾಗದಿಂದ ಜಾಗಕ್ಕೆ, ಹೊತ್ತಿನಿಂದ ಹೊತ್ತಿಗೆ ಹೇಗೆ ಬದಲಾಗುತ್ತವೆ ಅಂತ ಹೇಳುವ ಸಮೀಕರಣ. ಅವನ್ನು ಕಂಪ್ಯೂಟರ್‌ನಲ್ಲಿ ಬಿಡಿಸುವುದು ನನ್ನ ಕೆಲಸ.

ಗೈಡ್ ಮೊದಲು ಬರ್ಗರ್ಸ್ ಸಮೀಕರಣ ಮಾಡಿಕೊಂಡು ಬನ್ನಿ ಅಂದರು. ಅದು ವೇಗ ಒಂದನ್ನೇ ಇಟ್ಟುಕೊಂಡ ಸರಳ ಮಾದರಿ. ಅದರಲ್ಲಿ ಹಿಂದಿನ ಜೋರು ಹರಿವು ಮುಂದಿನ ನಿಧಾನದ ಹರಿವನ್ನು ಬಂದು ಹಿಡಿಯುತ್ತದೆ, ಹಿಡಿದಲ್ಲಿ ಗೋಡೆಯಂಥ ಅಲೆ ಏಳುತ್ತದೆ. ಅದಕ್ಕೆ ಶಾಕ್ ಅನ್ನುತ್ತೇವೆ. ಎಡಗಡೆ ವೇಗ 1, ಬಲಗಡೆ 0 ಇದ್ದರೆ ಶಾಕ್ ಎರಡರ ಸರಾಸರಿಯಲ್ಲಿ, ಅಂದರೆ 0.5 ವೇಗದಲ್ಲಿ ಬಲಕ್ಕೆ ಸಾಗಬೇಕು. ನನ್ನ ಪ್ರೋಗ್ರಾಂನಲ್ಲಿ ಅದು ಇದ್ದಲ್ಲೇ ನಿಂತಿತ್ತು. ಗ್ರಾಫ್ ಬರೆಯುವ ಸಾಲಿನಲ್ಲಿ ತಪ್ಪಿರಬೇಕು ಅಂದುಕೊಂಡು ಎರಡು ದಿನ ಅಲ್ಲೇ ಹುಡುಕಿದೆ, ಲೆಕ್ಕಕ್ಕಾಗಿ ಹರಿವಿನ ದಾರಿಯನ್ನು ನೂರು ತುಂಡು, ಅಂದರೆ ನೂರು ಮನೆ, ಮಾಡಿದ್ದನ್ನು ಸಾವಿರ ಮಾಡಿದೆ, ಕಾಲದ ಹೆಜ್ಜೆ ಚಿಕ್ಕದು ಮಾಡಿದೆ, ಏನೂ ಬದಲಾಗಲಿಲ್ಲ.

ಮೂರನೇ ದಿನ ಪೆನ್ಸಿಲ್ ಹಿಡಿದು ಕೂತೆ. ಚೌಕಾಬಾರದ ಹಾಗೆ ಸಾಲಾಗಿ ನಾಲ್ಕು ಮನೆ ಹಾಕಿ 1, 1, 0, 0 ಅಂತ ಬರೆದೆ. ನನ್ನ ಸೂತ್ರದಲ್ಲಿ ಪ್ರತಿ ಮನೆಯ ಬದಲಾವಣೆ ಅಂದರೆ ಅದರ ಸ್ವಂತ ವೇಗ, ಅದನ್ನು ಎಡಗಡೆ ಮನೆಯ ಜೊತೆಗಿನ ವ್ಯತ್ಯಾಸದಿಂದ ಗುಣಿಸಿದ್ದು. ಎರಡನೇ ಮನೆಗೆ ವ್ಯತ್ಯಾಸ ಸೊನ್ನೆ. ಮೂರನೇ ಮನೆಗೆ ವ್ಯತ್ಯಾಸ ಇದೆ, ಆದರೆ ಅದರ ಸ್ವಂತ ವೇಗವೇ ಸೊನ್ನೆ. ಎಷ್ಟು ಸಲ ಮಾಡಿದರೂ 1, 1, 0, 0! ಪ್ರೋಗ್ರಾಂ ನಾನು ಹೇಳಿದ್ದನ್ನೇ ಮಾಡಿತ್ತು.

ಸರಿಯಾದ ದಾರಿ ಲೆಕ್ಕಪುಸ್ತಕದ್ದು. ಪ್ರತಿ ಮನೆಗೆ ಎಡಗೋಡೆಯಿಂದ ಎಷ್ಟು ಒಳಗೆ ಬಂತು, ಬಲಗೋಡೆಯಿಂದ ಎಷ್ಟು ಹೊರಗೆ ಹೋಯಿತು, ಅಷ್ಟೇ. ಬರ್ಗರ್ಸ್‌ನಲ್ಲಿ ಗೋಡೆ ದಾಟುವುದು ವೇಗದ ವರ್ಗದ ಅರ್ಧ. ಈಗ ಮೂರನೇ ಮನೆಗೆ ಅರ್ಧ ಒಳಗೆ ಬರುತ್ತದೆ, ಹೊರಗೆ ಏನೂ ಹೋಗುವುದಿಲ್ಲ. ಶಾಕ್ ಹೊರಟಿತು. ನುಣುಪಾದ ಹರಿವಿನಲ್ಲಿ ಈ ಎರಡು ಬರವಣಿಗೆಗಳೂ ಒಂದೇ, ಅದಕ್ಕೇ ಮೋಸ ಹೋಗುತ್ತೇವೆ. ಶಾಕ್ ಬಂದ ಕಡೆ ವೇಗ ತಟ್ಟನೆ ಜಿಗಿಯುವುದರಿಂದ ಅವಕಲನವೇ (ಬದಲಾವಣೆಯ ದರವೇ) ಇರುವುದಿಲ್ಲ, ಅಲ್ಲಿ ಎರಡೂ ಬೇರೆ.

ನನಗೆ ನಿಜವಾಗಿ ಭಯ ಆಗಿದ್ದು ಆಮೇಲೆ. ಹಳೇ ಸೂತ್ರಕ್ಕೆ ಎಡಗಡೆ 1.2, ಬಲಗಡೆ 0.4 ಕೊಟ್ಟು ನೋಡಿದೆ. ಶಾಕ್ ಸಾಗಿತು, ಚಿತ್ರ ಚೆನ್ನಾಗಿಯೇ ಬಂತು, ಆದರೆ ಇರಬೇಕಾದ 0.8 ವೇಗಕ್ಕಿಂತ ನಿಧಾನ. ಮೊದಲೇ ಇದನ್ನು ಕೊಟ್ಟಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದ ಸುದ್ದಿ ಓದಿದಾಗ ನನಗೆ ನೆನಪಾದದ್ದು ಈ ನಿಧಾನದ ಶಾಕ್. ನೀರು ಬರುವ ಹೊತ್ತನ್ನು ತಡವಾಗಿ ಹೇಳುವ ಲೆಕ್ಕ ನದಿ ದಂಡೆಯ ಜನಕ್ಕೆ ಏನು ಮಾಡಬಹುದು ಅಂತ ಯೋಚಿಸಿ.

ಅಲ್ಲಿಂದ ಮುಂದೆ ಅಣೆಕಟ್ಟಿನ ಲೆಕ್ಕಕ್ಕೆ ಬಂದಾಗ, ಒಡೆದ ಅಣೆಕಟ್ಟಿಗೆ ರಿಟ್ಟರ್ 1892ರಲ್ಲಿ ಸೂತ್ರದಿಂದಲೇ ಕೊಟ್ಟ ನಿಖರ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡಿದೆ. ಸಮತಟ್ಟಾದ ಒಣ ನೆಲ, ಘರ್ಷಣೆ ಇಲ್ಲ, ಹಿಂದೆ 10 ಮೀಟರ್ ನೀರು, ಅಣೆಕಟ್ಟಿನ ಗೋಡೆ ತಟ್ಟನೆ ಮಾಯ. ಗೋಡೆ ಇದ್ದ ಜಾಗದಲ್ಲಿ ಆಳ ಮೊದಲಿನದರ 4/9, ಅಂದರೆ 4.44 ಮೀಟರ್, ಕಾಲ ಎಷ್ಟು ಸರಿದರೂ ಅಷ್ಟೇ. ನೀರಿನ ತುದಿ ಸೆಕೆಂಡಿಗೆ ಸುಮಾರು 19.8 ಮೀಟರ್ ಓಡುತ್ತದೆ. ನನ್ನ ಗ್ರಾಫಿನಲ್ಲಿ ಸರಿಯಾಗಿ ಗೋಡೆಯ ಜಾಗದಲ್ಲೇ ಒಂದು ಸಣ್ಣ ಮೆಟ್ಟಿಲು ಬಂದಿತ್ತು, ನಿಜವಾದ ನೀರಿನಲ್ಲಿ ಅದು ಇಲ್ಲ. ಹರಿವಿನ ವೇಗ ಮತ್ತು ಅಲೆಯ ವೇಗ ಸಮ ಆಗುವ ಜಾಗ ಅದು, ಮನೆಗಳ ಗೋಡೆ ದಾಟುವುದನ್ನು ಲೆಕ್ಕ ಹಾಕಲು ನಾನು ಬಳಸಿದ್ದ ರೋ ವಿಧಾನ ಅಲ್ಲಿ ಎಡವುತ್ತದೆ ಅಂತ ಆಮೇಲೆ ತಿಳಿಯಿತು. ಇಂಥ ಸುಳ್ಳು ಜಿಗಿತವನ್ನು ನುಣುಪು ಮಾಡುವ ಎಂಟ್ರೊಪಿ ತಿದ್ದುಪಡಿ ಹಾಕಿದ ಮೇಲೆ ಮೆಟ್ಟಿಲು ಹೋಯಿತು.

ತುದಿ ಮಾತ್ರ ಇವತ್ತಿಗೂ ಸ್ವಲ್ಪ ಹಿಂದೆ ಬೀಳುತ್ತದೆ. ಅಲ್ಲಿ ನೀರು ಕಾಗದದಷ್ಟು ತೆಳು, ವೇಗ ತೆಗೆಯಬೇಕಾದರೆ ಹರಿವಿನ ಪ್ರಮಾಣವನ್ನು ಆ ತೆಳು ಆಳದಿಂದಲೇ ಭಾಗಿಸಬೇಕು. ಈಗ ಕೂತಿರುವುದು ಅದರ ಮೇಲೆ.