ಬ್ರೇಕ್ ಸಿಲಿಂಡರಿನ ಬೋರ್ ಚಿಕ್ಕದು ಮಾಡಿದೆ, ಕಾರು ನಿಂತಿತು

ನಾನೇ ಕಟ್ಟಿದ ಕಾರಿನ ಬಗ್ಗೆ ಎರಡು ವರ್ಷ ಎಲ್ಲರ ಬಾಯಲ್ಲೂ ಒಂದೇ ಮಾತು. "ಬ್ರೇಕ್ ಸಾಲ್ತಾ ಇಲ್ವಾ? ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕು." ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳ ಕಡೆ ತಳ್ಳುವ ಸಿಲಿಂಡರ್ ಅದು; ಬೋರ್ ಅಂದರೆ ಅದರ ಒಳ ವ್ಯಾಸ. ನಾನು ಚಿಕ್ಕದು ಹಾಕಿದೆ. ಹೋದ ತಿಂಗಳು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ದಿನಕ್ಕೆ ಸುಮಾರು ನಲವತ್ತು ಸುತ್ತು ಓಡಿಸಿದೆ. ಒಂದು ಸಲವೂ ಪೆಡಲ್ ಕೈಕೊಡಲಿಲ್ಲ. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಾರು ಕಟ್ಟಿದ ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್ ಅದು. ಅದೇ ಎಂಜಿನ್ನಿನ ನನ್ನ ಕಾರು ಅಲ್ಲಿ ನೆಟ್ಟಗೆ ನಿಂತಿದ್ದು ನನಗೆ ದೊಡ್ಡ ಸಂತೋಷ.

ನನ್ನದು ಪೈಪ್ ಚಾಸಿ, ಎರಡು ಸೀಟು, ಎಂಜಿನ್ ಬೆನ್ನ ಹಿಂದೆ. ತೂಕ 430 ಕೆಜಿ ಆಸುಪಾಸು. 800ರ ಮುಂದಿನ ಹಬ್, ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರ್‌ಗಳನ್ನೇ ನಾಲ್ಕೂ ಚಕ್ರಕ್ಕೆ ಹಾಕಿದ್ದೇನೆ. ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ಇಲ್ಲ.

ಮೊದಲು ಹಾಕಿದ್ದು 800ರದೇ ಟಿಎಂಸಿ (ಒಂದೇ ಸಿಲಿಂಡರಿನಲ್ಲಿ ಎರಡು ಪಿಸ್ಟನ್ ಇರುವ ಮಾಸ್ಟರ್ ಸಿಲಿಂಡರ್), 19.05 ಮಿಮೀ ಬೋರ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟ ನೆನಪು. ಕಾರು ನಿಲ್ಲುತ್ತಿತ್ತು, ಆದರೆ ಹಿಂದಿನ ಚಕ್ರ ಮೊದಲು ಲಾಕ್, ಅಂದರೆ ತಿರುಗದೆ ಜಾರುತ್ತಿತ್ತು. ನಾಲ್ಕೂ ಕ್ಯಾಲಿಪರ್ ಒಂದೇ, ಪ್ರೆಶರ್ ಒಂದೇ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಹೋಗುತ್ತದೆ, ಹಿಂದೆ ಹಗುರ. ಒದ್ದೆ ನೆಲದಲ್ಲಿ ಎರಡು ಸಲ ಕಾರು ಬುಗುರಿಯ ಹಾಗೆ ತಿರುಗಿತು. ಪೆಡಲ್ ಬೇರೆ 75 ಮಿಮೀಗೂ ಜಾಸ್ತಿ ಇಳಿಯುತ್ತಿತ್ತು.

ಹಾಗಾಗಿ ಬ್ಯಾಲೆನ್ಸ್ ಬಾರ್ (ಪೆಡಲಿನ ಬಲವನ್ನು ಎರಡು ಸಿಲಿಂಡರಿಗೆ ಹಂಚುವ ಅಡ್ಡಸರಳು) ಮಾಡಿಸಿ, ಮುಂದಕ್ಕೊಂದು ಹಿಂದಕ್ಕೊಂದು ಎಂದು ಎರಡು ಸಿಂಗಲ್ ಸಿಲಿಂಡರ್ ಹಾಕಿದೆ. ಇಲ್ಲೇ ನಾನು ಎಡವಿದ್ದು. ಟಿಎಂಸಿ 19.05 ಇತ್ತಲ್ವಾ, ಇವೂ 19.05 ಇರಲಿ ಎಂದು ಎರಡು ತಂದೆ. ಎಂಟು ಸಾವಿರ ಹೋಯಿತು. ಪೆಡಲ್ ಕಲ್ಲು! ಎದ್ದು ನಿಂತು ತುಳಿದರೂ ಕಾರು ನಿಲ್ಲಲಿಲ್ಲ. ಆಗ ಶುರುವಾಯಿತು ನೋಡಿ, "ದೊಡ್ಡದು ಹಾಕು" ಎನ್ನುವ ಸಲಹೆ. ಅವರ ಮಾತು ಕೇಳಿ ಗುಜರಿಯಿಂದ ಜೀಪಿನ 22.2ರ ಜೋಡಿ ತಂದೆ. ಇನ್ನೂ ಕೆಟ್ಟಿತು.

ಸಿಟ್ಟಿಗೆ ಸ್ನಾನದ ಮನೆಯ ತೂಕದ ಯಂತ್ರವನ್ನು ಗೋಡೆಗೆ ಒರಗಿಸಿ, ಸೀಟಿನಲ್ಲಿ ಕೂತು ಕಾಲಲ್ಲಿ ಒತ್ತಿ ನೋಡಿದೆ. ಸುಸ್ತಾಗದೆ ಮತ್ತೆ ಮತ್ತೆ ಒತ್ತಲು ಆಗುವುದು 40 ಕೆಜಿ. ಪೆಡಲ್ ಅನುಪಾತ 5, ಅಂದರೆ ಪೆಡಲ್ ಸನ್ನೆಕೋಲಿನ ಹಾಗೆ ಬಲವನ್ನು ಐದು ಪಟ್ಟು ಮಾಡುತ್ತದೆ, 200 ಕೆಜಿ. ಟಿಎಂಸಿಯಲ್ಲಿ ಆ 200 ಎರಡೂ ಸರ್ಕ್ಯೂಟಿಗೆ, ಅಂದರೆ ಎಣ್ಣೆಯ ಎರಡೂ ದಾರಿಗೆ, ಪೂರ್ತಿ ಸಿಗುತ್ತದೆ, ಒತ್ತಡ ಸುಮಾರು 70 ಬಾರ್. ಬ್ಯಾಲೆನ್ಸ್ ಬಾರ್‌ನಲ್ಲಿ ಆ ಬಲ ಇಬ್ಭಾಗ, ಒಂದೊಂದಕ್ಕೆ 100. ಅದೇ ಬಲಕ್ಕೆ ಬೋರ್ ದೊಡ್ಡದಾದಷ್ಟೂ ಒತ್ತಡ ಕಡಿಮೆ. ಹಾಗಾಗಿ 19.05ರಲ್ಲಿ 35 ಬಾರ್, 22.2ರಲ್ಲಿ 26. ಗಾಳಿ ಹೊರಗೆ ಬಿಡುವ ಬ್ಲೀಡ್ ನಿಪ್ಪಲ್ ಜಾಗಕ್ಕೆ ಒತ್ತಡ ಅಳೆಯುವ ಗೇಜ್ ಕೂರಿಸಿ ನೋಡಿದೆ, ಲೆಕ್ಕಕ್ಕಿಂತ ಎರಡು ಮೂರು ಬಾರ್ ಕಡಿಮೆ ಬಂತು, ಅಷ್ಟೇ.

ಮುಂದಕ್ಕೆ 15.87, ಹಿಂದಕ್ಕೆ 17.78 ತರಿಸಿದೆ. ಹೊರದೇಶದ ಮಾಲು, ಸುಂಕ ಸೇರಿ ಹದಿನಾಲ್ಕು ಸಾವಿರ. ಮುಂದೆ 50 ಬಾರ್, ಹಿಂದೆ 40. ಬೋರ್ ವ್ಯತ್ಯಾಸದಿಂದಲೇ ಮುಂದಕ್ಕೆ ನೂರರಲ್ಲಿ 55 ಪಾಲು ಬಂತು, ಬ್ಯಾಲೆನ್ಸ್ ಬಾರ್ ನಡುಮಧ್ಯದಲ್ಲೇ ಇದೆ. ಚಿಕ್ಕ ಬೋರ್ ಕಡಿಮೆ ಎಣ್ಣೆ ತಳ್ಳುತ್ತದಲ್ಲ, "ಪೆಡಲ್ ನೆಲಕ್ಕೆ ಹೋಗತ್ತೆ" ಎಂದರು ಸಲಹೆ ಕೊಟ್ಟವರು. ಹೋಗಲಿಲ್ಲ. ಒಂದೊಂದು ಸಿಲಿಂಡರ್ ಎರಡೇ ಕ್ಯಾಲಿಪರ್‌ಗೆ ಎಣ್ಣೆ ಕೊಡಬೇಕು, ಪೆಡಲ್ 55 ಮಿಮೀ ಇಳಿಯುತ್ತದೆ. ಮಧ್ಯೆ ಸುಮ್ನೆ ಕುತೂಹಲಕ್ಕೆ ರಬ್ಬರ್ ಹೋಸ್ ತೆಗೆದು ಸ್ಟೀಲ್ ಹೆಣಿಗೆಯ ಹೋಸ್ ಹಾಕಿದೆ, ಅದರಿಂದಲೇ ಐದಾರು ಮಿಮೀ ಉಳಿಯಿತು.

ಇಷ್ಟಾದ ಮೇಲೂ ಒಂದು ಪೆಟ್ಟು ತಿಂದೆ. ಪುಶ್‌ರಾಡ್‌ಗೆ (ಪೆಡಲಿನಿಂದ ಪಿಸ್ಟನ್ ತಳ್ಳುವ ಕಡ್ಡಿ) ಸಡಿಲ ಬಿಡದೆ ಬಿಗಿ ಮಾಡಿದ್ದೆ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಲಿಲ್ಲ, ಎಣ್ಣೆ ವಾಪಸ್ ಹೋಗುವ ಸಣ್ಣ ರಂಧ್ರ ಮುಚ್ಚೇ ಉಳಿಯಿತು. ಬಿಸಿಯಾದ ಎಣ್ಣೆ ಹಿಗ್ಗಿ ಬ್ರೇಕ್ ತಾನೇ ಹಿಡಿದುಕೊಂಡಿತು. ಹತ್ತು ಕಿಲೋಮೀಟರಿಗೆ ಮುಂದಿನ ಡಿಸ್ಕ್ ನೀಲಿ. ಹೊಸ ಡಿಸ್ಕ್, ಪ್ಯಾಡ್ ಅಂತ ಮತ್ತೆ ಮೂರು ಸಾವಿರ. ಈಗ ಒಂದು ಮಿಮೀ ಸಡಿಲ ಬಿಟ್ಟಿದ್ದೇನೆ.

ಒದ್ದೆ ನೆಲದಲ್ಲಿ ಮುಂದಿನ ಚಕ್ರವೇ ಮೊದಲು ಲಾಕ್ ಆಗುವ ಹಾಗೆ ಬ್ಯಾಲೆನ್ಸ್ ಬಾರ್ ಕೂರಿಸಲು ನನ್ನದೇ ಒಂದು ವಿಧಾನ ಇದೆ. ಅದನ್ನು, ಮತ್ತೆ ಪ್ಯಾಡ್ ಯಾವುದು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಷ್ಟೋ ಭಾನುವಾರ ಖರ್ಚಾಗಿದೆ ಅದಕ್ಕೆ.

"ದೊಡ್ಡದು ಹಾಕು" ಎಂದವರಲ್ಲೇ ಒಬ್ಬ ಗೆಳೆಯ ಈಗ ತನ್ನ ಬಗ್ಗಿ ತಂದು ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿದ್ದಾನೆ. ಅವನದು 600 ಕೆಜಿ, ಮುಂದೆ ನಾಲ್ಕು ಪಿಸ್ಟನ್ ಕ್ಯಾಲಿಪರ್. ಅಷ್ಟು ಎಣ್ಣೆಗೆ 15.87 ಸಾಲುವುದಿಲ್ಲ ಎಂದು ನನ್ನ ಲೆಕ್ಕ. ಭಾನುವಾರ ಗೇಜ್ ಹಾಕಿ ನೋಡುತ್ತೇವೆ.