ಬೊಳ್ಳು ಹೋದ ಮೇಲೂ ಅವನ ಹೊತ್ತು ತಪ್ಪಿಸಲಿಲ್ಲ

ನಮ್ಮ ನಾಯಿ ಬೊಳ್ಳು ಸತ್ತ ಮೇಲೆ ಬರೀ ಚೈನ್ ಹಿಡಿದುಕೊಂಡು ವಾಕ್ ಹೋಗುತ್ತಿದ್ದವನು ನಾನೇ. ಉಡುಪಿ ಹತ್ತಿರದ ಕಲ್ಯಾಣಪುರದ ನಮ್ಮ ಓಣಿಯವರೆಲ್ಲ ನೋಡಿದ್ದಾರೆ. "ಎಂತ ಮಾರಾಯ, ಹೀಗೆ ಮಾಡಿದ್ರೆ ಬೇಜಾರು ಜಾಸ್ತಿ ಆಗುದಿಲ್ವಾ?" ಎಂದು ಅಣ್ಣ ಮಂಗಳೂರಿನಿಂದ ಫೋನ್ ಮಾಡಿ ಬೈದ. ಆಗಲಿಲ್ಲ. ಎರಡೂವರೆ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಸರಿಯಾದೆವು. ಹಿಂದೆ ನಮ್ಮ ಇನ್ನೊಂದು ನಾಯಿ ಟೈಗರ್ ಹೋದಾಗ ಹತ್ತಿರ ಹತ್ತಿರ ಒಂದು ವರ್ಷ ಹಿಡಿದಿತ್ತು.

ಸೋತದ್ದನ್ನು ಮೊದಲು ಹೇಳುತ್ತೇನೆ. 2005ರಲ್ಲಿ ನಮ್ಮ ಮೊದಲ ಮರಿ ಪಾರ್ವೋ ಎನ್ನುವ ವೈರಸ್ ರೋಗ ಬಂದು ನಾಲ್ಕೇ ದಿನಕ್ಕೆ ಹೋಯಿತು. ಮಗಳ ಅಳು ನೋಡಲಾಗದೆ ಹದಿನೈದು ದಿನದೊಳಗೆ ಇನ್ನೊಂದು ಮರಿ ತಂದೆ. ಆಗಿನ ಕಾಲಕ್ಕೆ ಮೂರು ಸಾವಿರ ಕೊಟ್ಟ ನೆನಪು. ಅಂಗಳಕ್ಕೆಲ್ಲ ಫಿನಾಯಿಲ್ ಹಾಕಿದ್ದೆ, ಸಾಕು ಅಂದುಕೊಂಡಿದ್ದೆ. ಪಾರ್ವೋ ಫಿನಾಯಿಲಿಗೆ ಬಗ್ಗುವುದಿಲ್ಲ. ಸಿಮೆಂಟ್ ನೆಲವಾದರೆ ಬ್ಲೀಚಿಂಗ್ ಹಾಕಿ ತೊಳೆಯಬಹುದು, ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆಯ ಇಂಜೆಕ್ಷನ್ ಕೋರ್ಸ್ ಮುಗಿಯದ ಮರಿ, ಅದೂ ಹೋಯಿತು. ಒಂದರ ದುಃಖ ಕಳೆಯಲು ಹೋಗಿ ಎರಡನ್ನು ಹೂಳಿದೆ. ಹೋದ ಕೂಡಲೇ ಇನ್ನೊಂದು ತನ್ನಿ ಎನ್ನುವವರ ಮಾತನ್ನು ಆವತ್ತಿನಿಂದ ನಾನು ಕೇಳುವುದಿಲ್ಲ.

ಟೈಗರ್ 2014ರ ಜನವರಿಯಲ್ಲಿ ಹೋದ. ಆಗ ಉಲ್ಟಾ ಮಾಡಿದೆ. ಎರಡೇ ದಿನದಲ್ಲಿ ಅವನ ತಟ್ಟೆ, ಗೋಣಿ, ಬೆಲ್ಟ್ ಎಲ್ಲ ಮನೆಯಿಂದ ಹೊರಗೆ. ಆರೂವರೆ ಸಾವಿರದ ಗೂಡನ್ನು ಸುಮ್ನೆ ಯಾರಿಗೋ ಕೊಟ್ಟೆ. ಮರೆಯೋಣ ಎಂದು ನಾಲ್ಕು ದಿನ ಎಲ್ಲರೂ ಮಡಿಕೇರಿಗೆ ಹೋದೆವು, ಹನ್ನೊಂದೋ ಹನ್ನೆರಡೋ ಸಾವಿರ ಖರ್ಚು. ವಾಪಸ್ ಬಂದು ಗೇಟಿನ ಕೊಂಡಿ ತೆಗೆದೆ. ಒಳಗಿನಿಂದ ಸದ್ದೇ ಇಲ್ಲ. ಬ್ಯಾಗ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಆಮೇಲೆ ಎಂಟು ತಿಂಗಳು ಹೊಳೆ ಬದಿಯ ದಾರಿಯನ್ನೇ ತುಳಿಯಲಿಲ್ಲ.

ಆ ಗೇಟಿನ ಹತ್ತಿರ ಒಂದು ವಿಷಯ ತಲೆಗೆ ಹೊಕ್ಕಿತು. ಗೂಡು, ತಟ್ಟೆ ಕೊಟ್ಟುಬಿಡಬಹುದು, ಹೊತ್ತನ್ನು ಯಾರಿಗೂ ಕೊಡಲಾಗುವುದಿಲ್ಲ. ಬೆಳಗ್ಗೆ ಐದೂಮುಕ್ಕಾಲು, ಕುಕ್ಕರಿನ ಮೂರನೇ ಸೀಟಿ, ತಿರುವಿನಲ್ಲಿ ಮಗಳ ಸ್ಕೂಟರಿನ ಸದ್ದು, ರಾತ್ರಿ ಗೇಟಿಗೆ ಬೀಗ. ನಾಯಿಯನ್ನು ನೆನಪಿಸುವ ಈ ಹೊತ್ತುಗಳು ದಿನಾ ಬರುತ್ತವೆ.

ಬೊಳ್ಳು ಅದೇ ವರ್ಷ ಡಿಸೆಂಬರಿನಲ್ಲಿ ಸಂತೆಕಟ್ಟೆಯ ಹೆದ್ದಾರಿ ಬದಿಯಲ್ಲಿ ಸಿಕ್ಕಿದ ಬಿಳಿ ಊರನಾಯಿ. 2024ರ ಜೂನ್ ಎರಡನೇ ವಾರ ಕಿಡ್ನಿ ಕೈಕೊಟ್ಟು ಹೋದ. ಹದಿನೆಂಟು ದಿನ ಡ್ರಿಪ್, ರಕ್ತ ಪರೀಕ್ಷೆ ಎಲ್ಲ ಸೇರಿ ಹತ್ತೊಂಬತ್ತು ಸಾವಿರದ ಹತ್ತಿರ ಆಯಿತು. ಆ ಹಣಕ್ಕೆ ಬೇಸರವಿಲ್ಲ. ಹೂಳುವುದೇ ಕಷ್ಟವಾಯಿತು. ಬಾವಿಯಿಂದ ದೂರ ಅಗೆಯಬೇಕಲ್ವಾ? ಮೊದಲ ಗುಂಡಿಯಲ್ಲಿ ಎರಡಡಿಗೇ ನೀರು. ಹಿತ್ತಿಲಿನ ಎತ್ತರದ ಮೂಲೆಯಲ್ಲಿ ಅಗೆಸಿದರೆ ಮುರಕಲ್ಲು. ಜೋರು ಮಳೆಯಲ್ಲಿ ಇಬ್ಬರು ಆಳು ಹಾರೆ, ಪಿಕ್ಕಾಸು ಹಿಡಿದು ಅಗೆದರು, ಸಾವಿರದ ಎಂಟುನೂರು. ನಾಲ್ಕಡಿ ಆಗುವವರೆಗೆ ನಾನು ಬಿಡಲಿಲ್ಲ. ಉಪ್ಪು ಹಾಕಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಹೇರಿಸಿದೆ.

ಅದೇ ರಾತ್ರಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬೊಳ್ಳುವಿನ ಹೊತ್ತುಗಳನ್ನೆಲ್ಲ ಬರೆದೆ. ಹನ್ನೊಂದು ಆಯಿತು. ಒಂದನ್ನೂ ತಪ್ಪಿಸಬಾರದು, ಆದರೆ ಸ್ವಲ್ಪ ಸ್ವಲ್ಪವೇ ಮಾಡಬೇಕು ಎಂದು ನಿಶ್ಚಯಿಸಿದೆ. ವಾಕ್ ಮೊದಲ ದಿನ ಗೇಟಿನ ತನಕ. ನಾಲ್ಕನೇ ದಿನ ಮಿಲಾಗ್ರಿಸ್ ಚರ್ಚಿನ ತನಕ. ಸ್ವರ್ಣಾ ಹೊಳೆಯ ದಡದಲ್ಲಿ ಅವನು ಕೂರುತ್ತಿದ್ದ ಕಲ್ಲಿನ ಹತ್ತಿರ ಹೋದದ್ದು ಇಪ್ಪತ್ತೊಂದನೇ ದಿನ. ಚೈನ್ ಕೈಯಲ್ಲೇ ಇರಬೇಕು. ಜನ ನೋಡುತ್ತಾರೆ ಎಂದು ಒಂದು ದಿನ ಜೇಬಿನಲ್ಲಿಟ್ಟುಕೊಂಡು ಹೋದೆ, ಕೈ ಬರಿದಾಗಿ ಅರ್ಧದಲ್ಲೇ ತಿರುಗಿ ಬಂದೆ. ಕಲ್ಲಿನ ಹತ್ತಿರ ಮೊದಲ ದಿನ ಏನು ಮಾಡಿದೆ, ಚೈನನ್ನು ಕೊನೆಗೆ ಹೇಗೆ ಬಿಟ್ಟೆ, ಈ ಎರಡನ್ನು ಇಲ್ಲಿ ಬರೆಯುವುದಿಲ್ಲ. ಅದು ಎದುರು ಕೂತು ಹೇಳುವ ಮಾತು.

ಗಂಜಿಯ ಲೆಕ್ಕ ಹೆಂಡತಿಯದ್ದು. ಹತ್ತು ವರ್ಷ ಕುಚ್ಚಲಕ್ಕಿ ಅಳೆದ ಕೈ, ಅರ್ಧ ಪಾವು ಜಾಸ್ತಿಯೇ ಹಾಕುತ್ತಿತ್ತು. ಹಾಕಿದ ಮೇಲೆ ಅಳು. ತಡೆಯಬೇಡ, ಹಾಕು ಅಂದೆ. ಹದಿನೈದು ದಿನ ಅಷ್ಟೇ ಬೇಯಿಸಿ ಬಸ್‌ಸ್ಟಾಪಿನ ಎರಡು ನಾಯಿಗಳಿಗೆ ಹಾಕಿದೆವು. ಆಮೇಲೆ ವಾರಕ್ಕೆ ಅರ್ಧ ಮುಷ್ಟಿ ಕಡಿಮೆ ಮಾಡುತ್ತಾ ಬಂದಳು. ಎಲ್ಲ ಸೇರಿ ಸಾವಿರ ರೂಪಾಯಿಯೂ ಆಗಿರಲಿಕ್ಕಿಲ್ಲ. ಮಡಿಕೇರಿಯ ಹನ್ನೆರಡು ಸಾವಿರದಿಂದ ಆಗದ್ದು ಇದರಿಂದ ಆಯಿತು. ಆ ಎರಡು ನಾಯಿಗಳಿಗೆ ಈಗಲೂ ಹಾಕುತ್ತೇವೆ, ಅದಕ್ಕೆ ಬೇರೆ ಪಾತ್ರೆ.

ನಡುವೆ ಬೇರೆಯದನ್ನೂ ಮಾಡಿ ನೋಡಿದೆ. ರಾತ್ರಿ ಅವನ ವಿಡಿಯೊ ಹಾಕಿ ನೋಡಿದೆವು. ದಯವಿಟ್ಟು ಯಾರೂ ಮಾಡಬೇಡಿ, ಮೂರು ದಿನ ನಿದ್ದೆ ಹೋಯಿತು. ಅವನನ್ನು ಹೂಳಿದಲ್ಲಿ ಶಂಕರಪುರ ಮಲ್ಲಿಗೆ ನೆಟ್ಟೆ. ಆ ಮಳೆಗೆ ಮೂರೂ ಗಿಡ ಬುಡ ಕೊಳೆತು ಸತ್ತವು. ಅಕ್ಟೋಬರಿನಲ್ಲಿ ಮಣ್ಣು ಏರಿಸಿ, ನೀರು ಹರಿದುಹೋಗುವ ಹಾಗೆ ಮಾಡಿ ಪುನಃ ನೆಟ್ಟೆ. ಈಗ ದೇವರಿಗೆ ಆಗುವಷ್ಟು ಹೂ ಬಿಡುತ್ತದೆ.

ಎಲ್ಲ ಸರಿಯಾಯಿತು ಅನ್ನುವಾಗ ಆಗಸ್ಟ್ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯಿಂದ ಯಾಂತ್ರಿಕ ಬೋಟುಗಳು ಇಳಿಯುವುದಿಲ್ಲ, ನಮ್ಮ ಓಣಿಗೆ ಮೀನಿನವರೂ ಬರುವುದಿಲ್ಲ. ಬೊಳ್ಳು ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಹಾರ್ನ್ ಹೊಡೆದು, ಪೆಟ್ಟಿಗೆ ತೆರೆದು, "ಎಲ್ಲಿ ಬೊಳ್ಳು? ಅವನ ಬೂತಾಯಿ ತಂದಿದ್ದೇನೆ" ಅಂದರು. ನಾಲ್ಕು ಬೂತಾಯಿ ಮೀನು ಬೇರೆಯೇ ಕಟ್ಟಿಟ್ಟಿದ್ದರು. ನಾನು ಮೆಟ್ಟಿಲ ಮೇಲೆ ಕೂತೆ. ಜೂನಿನಲ್ಲೂ ಅಷ್ಟು ಅತ್ತಿರಲಿಲ್ಲ.

ನನ್ನ ಪಟ್ಟಿಯಲ್ಲಿ ಹನ್ನೆರಡನೆಯದೊಂದು ಬಿಟ್ಟುಹೋಗಿತ್ತು. ಮರುದಿನದಿಂದ ಹಾರ್ನ್ ಕೇಳಿದ ಕೂಡಲೇ ಅವನ ತಟ್ಟೆ ಹಿಡಿದುಕೊಂಡು ಗೇಟಿಗೆ ಹೋದೆ. ದಿನಾ ಮೂವತ್ತು ರೂಪಾಯಿಯ ಬೂತಾಯಿ ತೆಗೆದುಕೊಂಡೆ. ಅವರೂ ಪಾಪ, ಬೊಳ್ಳುವಿನ ಒಂದೊಂದು ಕಥೆ ನೆನಪು ಮಾಡುತ್ತಿದ್ದರು. ಒಂಬತ್ತನೇ ದಿನ ನಾವಿಬ್ಬರೂ ಬರೀ ಮೀನಿನ ರೇಟು ಮಾತಾಡಿದೆವು.

ಕಳೆದ ತಿಂಗಳು ಅಣ್ಣನ ಜಿಮ್ಮಿ ಹೋದ. ಮೂರನೇ ದಿನ ರಾತ್ರಿ ಅವನದ್ದೇ ಫೋನ್. "ನೀನು ಅದೆಂತದೋ ಪಟ್ಟಿ ಬರೆದಿದ್ದೆಯಲ್ಲ, ಹೇಗೆ ಬರೆಯುದು?" ಹೇಳಿಕೊಟ್ಟೆ. ಮಳೆಗಾಲ, ದೀಪಾವಳಿ, ಊರ ಜಾತ್ರೆ ಎಲ್ಲ ನೆನಪು ಮಾಡಿಕೊಂಡು ಬರೆ ಅಂದೆ. ಅವನದ್ದು ಹದಿನಾಲ್ಕು ಆಗಿದೆ. ಮೊದಲನೆಯದೇ ಮೀನಿನ ಹಾರ್ನ್.