ಮನೆಗೊಂದು ಚಿಕ್ಕ ಪೆಡಲ್ ಹಾರ್ಪ್: ಕೊಳ್ಳುವ ಮುನ್ನ ಕಿವಿಗೂ ಕಾಲಿಗೂ ಕೆಲಸ ಕೊಡಿ

ಪೆಡಲ್ ಹಾರ್ಪ್ ಅಂದರೆ ತಂತಿಗಳನ್ನು ಬೆರಳಿಂದ ಮೀಟುತ್ತ, ಕಾಲಿನಿಂದ ಪೆಡಲ್ ತುಳಿದು ಸ್ವರ ಬದಲಿಸುವ ಪಾಶ್ಚಾತ್ಯ ವಾದ್ಯ. ಅದರಲ್ಲಿ 'ಚಿಕ್ಕದು' ಅಂದರೆ ಚಿಕ್ಕದಾಗಿರುವುದು ಮೈಯಳತೆ, ತಂತಿಗಳ ಲೆಕ್ಕ ಮಾತ್ರ. ದೊಡ್ಡ ಕನ್ಸರ್ಟ್ ಹಾರ್ಪ್‌ಗೆ 47 ತಂತಿ, ಇದಕ್ಕೆ 40ರಿಂದ 44. ಪೆಡಲ್ ಅಲ್ಲೂ ಏಳು, ಇಲ್ಲೂ ಏಳು. ಕಂಬದೊಳಗಿನ ಸರಳುಗಳು, ಮೇಲಿನ ಕತ್ತಿನಲ್ಲಿ ತಿರುಗುವ ಪುಟ್ಟ ತಟ್ಟೆಗಳು, ಎಲ್ಲವೂ ಅವೇ. ಆದ್ದರಿಂದಲೇ ತೂಕ ನಾವಂದುಕೊಂಡಷ್ಟು ಇಳಿಯುವುದಿಲ್ಲ. ದೊಡ್ಡದು 40 ಕೆಜಿಯ ಆಸುಪಾಸು ತೂಗಿದರೆ ಇದು 30ರ ಆಸುಪಾಸು. ನೀವು ದುಡ್ಡು ಕೊಡುವುದು ಮುಖ್ಯವಾಗಿ ಆ ಯಂತ್ರಕ್ಕೆ. ಮರದ ಹೊಳಪು ನೋಡುವ ಮೊದಲು ಯಂತ್ರ ನೋಡಿ.

ಪೆಡಲ್ ಬೇಕೇ ಬೇಕೆ?

ಹಾರ್ಪ್‌ನಲ್ಲಿ ಪಿಯಾನೋದ ಕಪ್ಪು ಮನೆಗಳಂತೆ ಅರ್ಧಸ್ವರಕ್ಕೆ ಬೇರೆ ತಂತಿ ಇರುವುದಿಲ್ಲ. ಸ್ವರ ಬದಲಿಸುವ ಕೆಲಸ ಕಾಲಿನದು. ಎಡಗಾಲಿಗೆ ಡಿ, ಸಿ, ಬಿ ಸ್ವರಗಳು. ಬಲಗಾಲಿಗೆ ಇ, ಎಫ್, ಜಿ, ಎ. ಪ್ರತಿ ಪೆಡಲ್‌ಗೂ ಮೂರು ನಿಲುಗಡೆ: ಮೇಲಿದ್ದರೆ ಫ್ಲ್ಯಾಟ್ (ಅರ್ಧಸ್ವರ ತಗ್ಗು), ನಡುವೆ ನ್ಯಾಚುರಲ್ (ಮೂಲ ಸ್ವರ), ಕೆಳಗೆ ಶಾರ್ಪ್ (ಅರ್ಧಸ್ವರ ಏರು). ಸಿ ಪೆಡಲ್ ಒಂದನ್ನು ತುಳಿದರೆ ಹಾರ್ಪ್‌ನ ಸಿ ತಂತಿಗಳು ಒಟ್ಟಿಗೆ ಅರ್ಧಸ್ವರ ಏರುತ್ತವೆ. ಫ್ರಾನ್ಸಿನ ಸೆಬಾಸ್ಟಿಯನ್ ಎರಾರ್ 1810ರಲ್ಲಿ ಪೇಟೆಂಟ್ ಪಡೆದ ಏರ್ಪಾಡಿದು. ಇಂದಿಗೂ ಮೂಲದಲ್ಲಿ ಹಾಗೆಯೇ ನಡೆಯುತ್ತಿದೆ.

ಲಿವರ್ ಹಾರ್ಪ್‌ನಲ್ಲಿ ಈ ಕೆಲಸ ಕೈಯದು. ತಂತಿಗೊಂದು ಲಿವರ್, ಒಂದೊಂದನ್ನೂ ಬೇರೆಬೇರೆಯಾಗಿ ಎತ್ತಬೇಕು. ಜನಪದ ಧಾಟಿ, ಸರಳ ಹಾಡು, ಒಂದೇ ಶ್ರುತಿಯಲ್ಲಿ ಸಾಗುವ ರಚನೆಗಳಷ್ಟೇ ನಿಮ್ಮ ಆಸೆಯಾಗಿದ್ದರೆ ಲಿವರ್ ಹಾರ್ಪ್ ಸಾಕು, ಹಗುರ, ಅಗ್ಗ. ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳೋ ಜಾಝೋ ನಡುನಡುವೆ ಸ್ವರ ಬದಲಿಸುತ್ತಲೇ ಇರುತ್ತವೆ, ಎರಡೂ ಕೈ ತಂತಿಯ ಮೇಲೇ ಇರಬೇಕು. ಅಂಥವರು ಮುಂದೆ ಓದಿ.

ಇಲ್ಲದ ತಂತಿಗಳು ಯಾವುವು?

ಹಾರ್ಪ್‌ನ ನಾದದ ಪೆಟ್ಟಿಗೆ ಕುಗ್ಗಬೇಕಾದರೆ ಉದ್ದ ತಂತಿಗಳೇ ಜಾಗ ಬಿಡಬೇಕು. ಹಾಗಾಗಿ ಕತ್ತರಿ ಬೀಳುವುದು ಹೆಚ್ಚಾಗಿ ಮಂದ್ರಕ್ಕೆ. ಕೊನೆಯ ತಂತಿ ಯಾವ ಸ್ವರದ್ದು ಎಂದು ಕೇಳಿ ಬರೆದುಕೊಳ್ಳಿ. ಈಗ ಅಭ್ಯಾಸ ಮಾಡುತ್ತಿರುವ, ಮುಂದೆ ನುಡಿಸಬೇಕೆಂದಿರುವ ನಾಲ್ಕೈದು ಕೃತಿಗಳ ಪುಟ ತಿರುವಿ, ಎಡಗೈ ಅದಕ್ಕಿಂತ ಕೆಳಗೆ ಎಷ್ಟು ಸಲ ಇಳಿಯುತ್ತದೆ ಎಂದು ಎಣಿಸಿ. ಒಂದೆರಡು ಕಡೆ ಆದರೆ ಆ ಸ್ವರವನ್ನು ಒಂದು ಸ್ಥಾಯಿ ಮೇಲೆ ನುಡಿಸಿ ದಾಟಿಸಬಹುದು. ಪುಟಪುಟಕ್ಕೂ ಇಳಿಯುವುದಾದರೆ ಆ ಹಾರ್ಪ್ ಎರಡೇ ವರ್ಷದಲ್ಲಿ ನಿಮಗೆ ಸಾಲದಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಜಾಗವೂ ಮೈಕಟ್ಟೂ ಒಪ್ಪುವುದಾದರೆ ಹೊಸ 40 ತಂತಿಯದಕ್ಕಿಂತ, ಚೆನ್ನಾಗಿ ನೋಡಿಕೊಂಡ 46 ತಂತಿಯ ಹಳೆಯ ಸೆಮಿ-ಗ್ರ್ಯಾಂಡ್ (ಕನ್ಸರ್ಟ್ ಹಾರ್ಪ್‌ಗಿಂತ ತುಸು ಚಿಕ್ಕದು) ಮೇಲು. ಸೌಂಡ್‌ಬೋರ್ಡ್ (ತಂತಿಗಳ ಕೆಳತುದಿ ಸೇರುವ ಮರದ ಹಲಗೆ) ಕೆಳಗೆ ಅಗಲಿಸದೆ ನೇರವಾಗಿ ಇಳಿಯುವ ಮಾದರಿಯಾದರೆ ಜಾಗವೂ ಕಡಿಮೆ ಸಾಕು. ಚಿಕ್ಕ ಪೆಡಲ್ ಹಾರ್ಪ್ ನಿಜಕ್ಕೂ ಒಪ್ಪುವುದು ಮಕ್ಕಳಿಗೆ, ಗಿಡ್ಡ ಮೈಕಟ್ಟಿನವರಿಗೆ, ಇಕ್ಕಟ್ಟಾದ ಮೆಟ್ಟಿಲಿನ ಮನೆಯವರಿಗೆ.

ಕೂತು ನೋಡಿ

ಬೇರೆಯವರು ನುಡಿಸಿದ್ದನ್ನು ಕೇಳಿ ಮರುಳಾಗಿ ಕೊಂಡವರಲ್ಲಿ ನಾನೂ ಒಬ್ಬ. ಮನೆಗೆ ತಂದು ಕೂತಾಗ ಗೊತ್ತಾಯಿತು: ಹಾರ್ಪ್ ಹೆಗಲಿಗೆ ಸರಿ ಬರಬೇಕಾದರೆ ಸ್ಟೂಲ್ ತಗ್ಗಿಸಬೇಕು, ತಗ್ಗಿಸಿದರೆ ಮೊಣಕಾಲು ಮೇಲೆದ್ದು ಪಾದ ಪೆಡಲ್ ಮೇಲೆ ಓಡಾಡುವುದಿಲ್ಲ. ಎತ್ತರದವರಿಗೆ ಚಿಕ್ಕ ಹಾರ್ಪ್ ಕೊಡುವ ಕಾಟ ಇದೇ.

ನಿಮ್ಮದೇ ಎತ್ತರದ ಸ್ಟೂಲ್ ಮೇಲೆ ಕೂತು ಹಾರ್ಪನ್ನು ಹಿಂದಕ್ಕೆ ಬಾಗಿಸಿ ಬಲಹೆಗಲಿಗೆ ಒರಗಿಸಿಕೊಳ್ಳಿ. ಒಂದು ಹದದಲ್ಲಿ ಭಾರವೆಲ್ಲ ಕರಗಿದಂತೆ ಅನಿಸಬೇಕು. ಆ ಭಂಗಿಯಲ್ಲೇ ಎಡಗೈ ಕೊನೆಯ ಮಂದ್ರ ತಂತಿ ಮುಟ್ಟಬೇಕು. ಕಣ್ಣು ಕೆಳಗಿಳಿಸದೆ ಎರಡೂ ಪಾದ ಏಳೂ ಪೆಡಲ್‌ಗಳನ್ನು ಹುಡುಕಿಕೊಳ್ಳಬೇಕು. ಹತ್ತು ನಿಮಿಷ ಹಾಗೇ ಕೂತಿರಿ. ಬೆನ್ನು ತಾನಾಗಿ ಉತ್ತರ ಹೇಳುತ್ತದೆ.

ಟ್ಯೂನರ್ ಹಿಡಿದು ಪರೀಕ್ಷೆ

ಇದಕ್ಕೆ ಅರ್ಧ ಗಂಟೆ ಎತ್ತಿಡಿ, ಅಂಗಡಿಯವರು ಗಡಿಯಾರ ನೋಡಿದರೂ ಸರಿ.

ಮೊದಲು ಏಳೂ ಪೆಡಲ್ ಮೇಲೆತ್ತಿ ಶ್ರುತಿ ಮಾಡಿಸಿ. ಕೆಂಪು ಬಣ್ಣದ್ದು ಸಿ ತಂತಿ, ಕಪ್ಪು ಅಥವಾ ನೀಲಿಯದು ಎಫ್. ನಡುಭಾಗದ ಒಂದು ಕೆಂಪು ತಂತಿ ಮೀಟಿ. ಟ್ಯೂನರ್ 'ಬಿ' ಎಂದು ತೋರಿಸುತ್ತದೆ. ಗಾಬರಿ ಬೇಡ, ಪೆಡಲ್ ಮೇಲಿದ್ದಾಗ ಆ ತಂತಿ ಸಿ ಫ್ಲ್ಯಾಟ್, ಅದೂ ಬಿಯೂ ಒಂದೇ ಸ್ವರ. ಈಗ ಕತ್ತಿನ ಮೇಲೆ ಕಣ್ಣಿಟ್ಟು ಎಡಗಾಲಿನ ನಡುವಿನ ಪೆಡಲನ್ನು ಒಂದು ನಿಲುಗಡೆ ಇಳಿಸಿ. ಆ ತಂತಿಯ ಮೇಲಿನ ತಟ್ಟೆ ತಿರುಗಿ, ಅದರ ಎರಡು ಮೊಳೆಗಳು ತಂತಿಯನ್ನು ಚಿಮಟದಂತೆ ಕಚ್ಚುತ್ತವೆ. ಮೀಟಿ, ಟ್ಯೂನರ್ ಮುಳ್ಳು ಸಿ ಮೇಲೆ ನೆಟ್ಟಗೆ ನಿಲ್ಲಬೇಕು. ಇನ್ನೊಂದು ನಿಲುಗಡೆ ಇಳಿಸಿ. ಕೆಳಗಿನ ತಟ್ಟೆ ಕಚ್ಚಿ ಸಿ ಶಾರ್ಪ್ ಬರಬೇಕು. ಎಲ್ಲ ಸಿ ತಂತಿಗಳಲ್ಲೂ ಹೀಗೆ ಮಾಡಿ, ಆಮೇಲೆ ಉಳಿದ ಆರು ಪೆಡಲ್.

ಒಂದೇ ತಂತಿ ತಪ್ಪಿದರೆ ದೋಷ ಆ ತಂತಿಯದೋ ಅದರ ತಟ್ಟೆಯದೋ, ಸರಿಪಡಿಸುವುದು ಸುಲಭ. ಒಂದು ಪೆಡಲ್‌ಗೆ ಸೇರಿದ ತಂತಿಗಳೆಲ್ಲ ಒಂದೇ ದಿಕ್ಕಿಗೆ ತಪ್ಪುತ್ತಿದ್ದರೆ ಪೆಡಲ್ ಅಥವಾ ಅದರ ಸರಳು ನೋಡಿಸಬೇಕು. ಪೆಡಲ್ ಇಳಿಸುವಾಗ ಟಕ್ ಟಕ್ ಸದ್ದು ಜೋರಾದರೆ ಒಳಗಿನ ಫೆಲ್ಟ್ ಮೆತ್ತೆ ಸವೆದಿದೆ, ಬದಲಿಸಿದರಾಯಿತು.

ಝರ್ ಎಂಬ ಸದ್ದು ಕೇಳಿದರೆ ತಕ್ಷಣ ಹಾರ್ಪನ್ನು ಬೈಯಬೇಡಿ. ನಮ್ಮ ಮನೆಯಲ್ಲಿ ವಾರಗಟ್ಟಲೆ ಕಾಡಿದ ಝರ್ ಕೊನೆಗೆ ಕಿಟಕಿಯ ಸಡಿಲ ಗಾಜಿನದಾಗಿತ್ತು.

ಹಳೆಯದಾದರೆ

ಪಿಟೀಲಿನಂತೆ ಹಾರ್ಪ್ ಹಳತಾದಷ್ಟೂ ಬೆಲೆ ಏರುವ ವಾದ್ಯವಲ್ಲ. ದೊಡ್ಡ ಹಾರ್ಪ್‌ನಲ್ಲಿ ತಂತಿಗಳ ಒಟ್ಟು ಎಳೆತವೇ ಸುಮಾರು 900 ಕೆಜಿ. ಚಿಕ್ಕದರಲ್ಲಿ ಕಡಿಮೆಯಾದರೂ ಹಗಲಿರುಳೂ ಇದ್ದೇ ಇರುತ್ತದೆ. ಮರ ಎಷ್ಟು ದಿನ ಸುಮ್ಮನಿದ್ದೀತು? ಮುಂದೆ ನಿಂತು ಕತ್ತಿನ ಗೆರೆಯನ್ನು ನೋಡಿ. ಅದು ಒಂದು ಪಕ್ಕಕ್ಕೆ ತಿರುಚಿದ್ದರೆ ತಂತಿಗಳು ತಟ್ಟೆಯ ಮೊಳೆಗಳ ನಡುವೆ ಹಾಯದೆ ಒಂದು ಮೊಳೆಗೆ ಒತ್ತಿಕೊಂಡಿರುತ್ತವೆ. ಸೌಂಡ್‌ಬೋರ್ಡ್ ನಡುವೆ ತುಸು ಉಬ್ಬಿರುವುದು ಸಹಜ, ಬಿರುಕು ಸಹಜವಲ್ಲ. ಪೆಟ್ಟಿಗೆ ತಳಕ್ಕೆ ಸೇರುವಲ್ಲಿ, ಕತ್ತು ಪೆಟ್ಟಿಗೆಗೆ ಸೇರುವಲ್ಲಿ ಸಂದು ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡಿ. ಕತ್ತು ತಿರುಚಿದ ಹಾರ್ಪನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನಿ. ಉಳಿದ ದೋಷಗಳಿಗೆ ಹಾರ್ಪ್ ರಿಪೇರಿ ಬಲ್ಲವರಿಂದ ಖರ್ಚಿನ ಅಂದಾಜು ತೆಗೆದುಕೊಂಡು ಆಮೇಲೆ ಬೆಲೆ ಮಾತಾಡಿ. ಅಂಥವರು ನಿಮ್ಮ ಮನೆಯಿಂದ ಎಷ್ಟು ದೂರ ಎಂಬುದೂ ಲೆಕ್ಕಕ್ಕೆ ಬರಬೇಕು, ಯಂತ್ರವನ್ನು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಹದಗೊಳಿಸಲೇಬೇಕು.

ಮನೆಗೆ ಬಂದ ಮೇಲೆ

ಬಿಸಿಲು ಬೀಳುವ ಕಿಟಕಿ, ಹೀಟರ್, ಎಸಿ ಗಾಳಿ ಇವುಗಳಿಂದ ದೂರ ಇಡಿ. ಕೋಣೆಯ ತೇವಾಂಶ ಶೇ 40ರಿಂದ 60ರ ನಡುವೆ ಇದ್ದರೆ ಮರಕ್ಕೆ ನೆಮ್ಮದಿ. ಹೊಸ ತಂತಿಗಳು ಎಳೆದುಕೊಳ್ಳುತ್ತಲೇ ಇರುವುದರಿಂದ ಮೊದಲ ಕೆಲವು ತಿಂಗಳು ದಿನಾ ಶ್ರುತಿ ಮಾಡುವುದು ತಪ್ಪಿದ್ದಲ್ಲ.

ನಡುಭಾಗದ ಗಟ್ (ಪ್ರಾಣಿಗಳ ಕರುಳಿನಿಂದ ಮಾಡಿದ) ತಂತಿಗಳು ಹೇಳದೆ ಕೇಳದೆ ಹರಿಯುತ್ತವೆ. ಬದಲಿ ತಂತಿಗಳ ಒಂದು ಸೆಟ್ ತಂದಿಟ್ಟುಕೊಳ್ಳಿ. ತರಿಸುವಾಗ ನೆನಪಿರಲಿ, ಹಾರ್ಪ್‌ನಲ್ಲಿ ಸ್ಥಾಯಿ ಎಣಿಸುವುದು ಮೇಲಿನಿಂದ ಕೆಳಕ್ಕೆ, ಅದೂ ಇ ಇಂದ ಶುರುವಾಗಿ ಎಫ್‌ಗೆ ಮುಗಿಯುತ್ತದೆ. 'ಮೂರನೆಯ ಸ್ಥಾಯಿಯ ಎ' ಎನ್ನಬೇಕಾದಲ್ಲಿ ಪಿಯಾನೋ ಲೆಕ್ಕ ಹೇಳಿದರೆ ಬೇರೆಯೇ ದಪ್ಪದ ತಂತಿ ಬಂದು ಕೂರುತ್ತದೆ. ನುಡಿಸಿ ಏಳುವಾಗ ಏಳೂ ಪೆಡಲ್‌ಗಳನ್ನು ಮೇಲಿನ ನಿಲುಗಡೆಗೆ ಬಿಟ್ಟು ಏಳಿ, ತಟ್ಟೆಗಳ ಹಿಡಿತ ತಪ್ಪಿ ತಂತಿಗಳು ಸಡಿಲವಾಗಿ ಉಸಿರಾಡುತ್ತವೆ.